ಲೋಯರ್ ಆರ್ಮ್, ಟೈ ರಾಡ್ ಎಂಡ್ ಹೊಸದು ಹಾಕಿಸಿದ ಮೇಲೂ ಮುಂದಿನ ಚಕ್ರದಲ್ಲಿ ಪ್ಲೇ (ಸಡಿಲ ಆಟ): ಎಲ್ಲಿಂದ ಅಂತ ಪತ್ತೆ ಮಾಡೋದು ಹೇಗೆ?

ಸಂಜೆಸವಾರಿ
ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿರುವ ಥರ), ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್. ಗುಂಡಿ ಸಿಕ್ಕಾಗೆಲ್ಲ ದಡದಡ ಅಂತಿತ್ತು. ಎರಡೂ ಕಡೆ ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಬಾಡಿಗೆ ಹಿಡಿಯುವ ತೋಳು) ಅದರ ಬಾಲ್ ಜಾಯಿಂಟ್ (ಗುಂಡು ಕೀಲು) ಸಮೇತ ಬದಲಾಯಿಸಿ, ಟೈ ರಾಡ್ ಎಂಡ್ (ಸ್ಟೇರಿಂಗ್ ಸರಳಿನ ತುದಿಯ ಕೀಲು) ಕೂಡ ಹೊಸದು ಹಾಕಿಸಿದೆ. ದಡದಡ ಹೋಯಿತು. ಆದರೆ ಈಗ ನಿಧಾನಕ್ಕೆ ಹೋಗುವಾಗ ಸಣ್ಣ ಉಬ್ಬುಗಳ ಮೇಲೆ ಎಡಗಡೆಯಿಂದ ‘ಟಕ್’ ಅಂತ ಒಂದು ಒಣ ಸದ್ದು ಬರ್ತಿದೆ. ಪಾರ್ಕಿಂಗ್‌ನಲ್ಲಿ ಸ್ಟೇರಿಂಗ್ ಆ ಕಡೆಯಿಂದ ಈ ಕಡೆಗೆ ತಿರುಗಿಸುವಾಗಲೂ ಒಂದು ಸಲ ಟಕ್.

ಕೆಲಸ ಮಾಡಿದವರನ್ನು ಕೇಳಿದರೆ “ಹೊಸ ಪಾರ್ಟು, ಓಡ್ತಾ ಓಡ್ತಾ ಸೆಟ್ ಆಗುತ್ತೆ” ಅಂದರು. ನನಗೆ ಸಮಾಧಾನ ಆಗಲಿಲ್ಲ. ಎಡಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಒಂಚೂರು ಆಡಿದ ಹಾಗೆ ಅನಿಸುತ್ತೆ. ಎಷ್ಟು ಪ್ಲೇ ಇದ್ದರೆ ಸರಿ? ಯಾವ ಜಾಯಿಂಟಿನಿಂದ ಬರ್ತಿದೆ ಅಂತ ನಾನೇ ನೋಡಬಹುದಾ?

ಕರಿಗ್ರೀಸ್
ನೋಡಬಹುದು, ಕಷ್ಟವೇನಿಲ್ಲ. ಆದರೆ ಗಾಡಿ ಜೊತೆ ಬಂದ ಕತ್ತರಿ ಜಾಕ್ ಒಂದನ್ನೇ ನಂಬಿ ಚಕ್ರ ಎಳೆದಾಡಬೇಡಿ. ಅಲ್ಲಾಡಿಸೋದು ಅಂದರೆ ಪಕ್ಕಕ್ಕೆ ಬಲ ಹಾಕೋದು, ಆ ಜಾಕ್ ಪಕ್ಕಕ್ಕೆ ವಾಲಿಬಿಡುತ್ತೆ. ಸಮತಟ್ಟಾದ ಗಟ್ಟಿ ನೆಲ, ಹಿಂದಿನ ಚಕ್ರಕ್ಕೆ ಹಿಂದೆ ಮುಂದೆ ಅಡ್ಡಗಟ್ಟೆ, ಹ್ಯಾಂಡ್‌ಬ್ರೇಕ್, ಮುಂದೆ ಎರಡೂ ಕಡೆ ಸ್ಟ್ಯಾಂಡ್. ಇಷ್ಟಿಲ್ಲದೆ ಕೆಳಗೆ ಕೈ ಹಾಕುವ ಹಾಗಿಲ್ಲ.

ಎತ್ತುವ ಮುಂಚೆ ವೀಲ್ ನಟ್ಟು ಟಾರ್ಕ್ ರೆಂಚಿನಲ್ಲಿ (ಬೇಕಾದಷ್ಟು ಬಿಗಿ ಬಂದಾಗ ಕ್ಲಿಕ್ ಅನ್ನುವ ಸ್ಪ್ಯಾನರ್) ನೋಡಿಬಿಡಿ. ಕಾರುಗಳಲ್ಲಿ ಸಾಮಾನ್ಯವಾಗಿ 90ರಿಂದ 120 ನ್ಯೂಟನ್ ಮೀಟರ್ ಒಳಗಿರುತ್ತೆ, ನಿಮ್ಮ ಕೈಪಿಡಿಯಲ್ಲಿ ಎಷ್ಟಿದೆಯೋ ಅಷ್ಟು. ನಟ್ಟು ಸಡಿಲ ಇದ್ದರೆ ಚಕ್ರ ಹೇಗೆ ಹಿಡಿದರೂ ಆಡುತ್ತೆ, ಆಮೇಲೆ ಜನ ಬೇರಿಂಗ್, ಬಾಲ್ ಜಾಯಿಂಟ್ ಅಂತ ಸುಮ್ಮನೆ ಬಿಚ್ಚುತ್ತಾ ಹೋಗ್ತಾರೆ.

ಎತ್ತಿದ ಮೇಲೆ ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಂದು ಕೈ ತಳ್ಳಿ ಇನ್ನೊಂದು ಎಳೆಯಿರಿ. ಆಡಿತು ಅಂದರೆ ಒಳಗೆ ಯಾರನ್ನಾದರೂ ಕೂರಿಸಿ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಡಿಸ್ಕನ್ನು ಕ್ಯಾಲಿಪರ್ ಹಿಡಿದುಕೊಳ್ಳುತ್ತೆ. ಕ್ಯಾಲಿಪರ್ ಇರೋದು ನಕಲ್ ಮೇಲೆ, ಅಂದರೆ ಚಕ್ರ ಕೂರುವ ಹಬ್ ಅನ್ನು ಹೊತ್ತಿರುವ ಲೋಹದ ತುಂಡಿನ ಮೇಲೆ. ಹಾಗಾಗಿ ಹಬ್ಬೂ ನಕಲ್ಲೂ ಒಂದೇ ತುಂಡಿನ ಹಾಗಾಗಿ ಬೇರಿಂಗಿನ ಪ್ಲೇ ಮುಚ್ಚಿಹೋಗುತ್ತೆ. ಪ್ಲೇ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್, ಆರ್ಮ್ ಬುಶ್ (ಆರ್ಮ್ ಬಾಡಿಗೆ ಸೇರುವಲ್ಲಿನ ರಬ್ಬರ್), ಸ್ಟ್ರಟ್ ಇವುಗಳಲ್ಲಿ ಒಂದು.

ಪ್ರತಿದಿನ_ಬೈಪಾಸ್
“ಸೆಟ್ ಆಗುತ್ತೆ” ಅನ್ನೋದು ಪೂರ್ತಿ ಸುಳ್ಳೇನಲ್ಲ. ಹೊಸ ಬಾಲ್ ಜಾಯಿಂಟ್ ಮೊದಮೊದಲು ಬಿಗಿಯಾಗಿರುತ್ತೆ, ಸ್ಟೇರಿಂಗ್ ಕೂಡ ಸ್ವಲ್ಪ ಭಾರ ಅನಿಸುತ್ತೆ. ಹೊಸ ಬುಶ್ಶೂ ಕಿರಗುಟ್ಟುತ್ತೆ. ನನ್ನ ಗಾಡಿಯಲ್ಲಿ ಅದು ತಾನಾಗೇ ಹೋಯಿತು.

ಕರಿಗ್ರೀಸ್
ಬಿಗಿ ಸಡಿಲ ಆಗೋದು ಸರಿ, ಸಡಿಲ ಇರೋದು ಬಿಗಿ ಆಗೋದು ಎಲ್ಲಿದೆ ಸ್ವಾಮಿ? ಅವರು ಹೇಳ್ತಿರೋದು ಕಿರ್ ಅಲ್ಲ, ಟಕ್. ಲೋಹಕ್ಕೆ ಲೋಹ ಬಡಿಯೋ ಸದ್ದು ಓಡಿಸ್ತಾ ಹೋದರೆ ದೊಡ್ಡದೇ ಆಗುತ್ತೆ.

ಹದಿನಾಲ್ಕರ_ಸ್ಪ್ಯಾನರ್
ಸಂಜೆಸವಾರಿಯವರೇ, ಒಂದೇ ಚಕ್ರ ಎತ್ತಿ ನೋಡಿದ್ದೀರಿ. ಅಲ್ಲೇ ಒಂದು ಸಮಸ್ಯೆ ಇದೆ. ಒಂದು ಕಡೆ ಮಾತ್ರ ಎತ್ತಿದಾಗ ಸ್ಟೆಬಿಲೈಜರ್ ಬಾರ್ (ಎರಡೂ ಕಡೆಯ ಸಸ್ಪೆನ್ಷನ್ ಜೋಡಿಸುವ ಸರಳು) ತಿರುಚಿಕೊಂಡು ಅದರ ತುದಿಯ ಲಿಂಕ್ ರಾಡನ್ನು ಒತ್ತಿ ಹಿಡಿದಿರುತ್ತೆ. ಲಿಂಕಿನಲ್ಲಿ ಎಷ್ಟೇ ಪ್ಲೇ ಇದ್ದರೂ ಆಗ ಕೈಗೆ ಸಿಗಲ್ಲ. ಎರಡೂ ಚಕ್ರ ಒಂದೇ ಎತ್ತರಕ್ಕೆ ನೇತಾಡಬೇಕು, ಇಲ್ಲವೇ ಎರಡೂ ನೆಲದ ಮೇಲಿರಬೇಕು. ಆಮೇಲೆ ಲಿಂಕ್ ರಾಡನ್ನು ಕೈಯಲ್ಲಿ ಹಿಡಿದು ಝಾಡಿಸಿ ನೋಡಿ. ಸಣ್ಣ ಉಬ್ಬಿನ ಮೇಲೆ ಟಕಟಕ ಅನ್ನೋ ಗಾಡಿಗಳಲ್ಲಿ ಬಹಳಷ್ಟು ಸಲ ಕಳ್ಳ ಅದೇ. ಲೋಯರ್ ಆರ್ಮ್ ಬದಲಾಯಿಸುವಾಗ ಕೆಲವು ಗಾಡಿಗಳಲ್ಲಿ ಅದನ್ನು ಬಿಚ್ಚಲೇಬೇಕು. ತಿರುಗಿ ಹಾಕುವಾಗ ಸ್ಟಡ್ಡೇ (ಕೀಲಿನಿಂದ ಹೊರಚಾಚಿದ ಕಡ್ಡಿ) ಸುತ್ತುತ್ತಾ ಇರುತ್ತೆ, ನಟ್ಟು ಬಿಗಿಯಾಯಿತು ಅಂತ ಬಿಟ್ಟುಬಿಡ್ತಾರೆ. ಸ್ಟಡ್ ತುದಿಗೆ ಅಲೆನ್ ಕೀ ಕೊಟ್ಟು ಹಿಡಿದು ಬಿಗಿಸಬೇಕು.

ಜಾಕ್ ಎಲ್ಲಿ ಕೊಡೋದು ಅನ್ನೋದೂ ಮುಖ್ಯ. ನಿಮ್ಮದು ಸ್ಟ್ರಟ್ ಆದ್ದರಿಂದ ಗಾಡಿಯ ಭಾರ ಸ್ಪ್ರಿಂಗಿನ ಮೂಲಕ ಸೀದಾ ನಕಲ್‌ಗೆ ಬರುತ್ತೆ, ಕೆಳಗಿನ ಬಾಲ್ ಜಾಯಿಂಟ್ ಭಾರ ಹೊರಲ್ಲ. ಬಾಡಿ ಕೆಳಗೆ ಎತ್ತಿ ಚಕ್ರ ನೇತುಬಿಟ್ಟರೆ ಸಾಕು. ಡಬಲ್ ವಿಶ್‌ಬೋನ್ (ಮೇಲೊಂದು, ಕೆಳಗೊಂದು ಆರ್ಮ್ ಇರುವ) ಗಾಡಿಯಲ್ಲಿ ಸ್ಪ್ರಿಂಗ್ ಲೋಯರ್ ಆರ್ಮ್ ಮೇಲೆ ಕೂತಿದ್ದರೆ ಇದು ನಡೆಯಲ್ಲ. ಚಕ್ರ ನೇತಾಡಿದರೂ ಸ್ಪ್ರಿಂಗ್ ಆರ್ಮನ್ನು ಕೆಳಗೆ ದಬ್ಬುತ್ತಿರುತ್ತೆ, ಜಾಯಿಂಟ್ ಬಿಗಿ ಇರುವ ಹಾಗೇ ಕಾಣುತ್ತೆ. ಅಲ್ಲಿ ಜಾಕನ್ನು ಲೋಯರ್ ಆರ್ಮ್ ಕೆಳಗೇ, ಜಾಯಿಂಟಿಗೆ ಆದಷ್ಟು ಹತ್ತಿರ ಕೊಡಬೇಕು. ಸವೆದುಹೋದ ಜಾಯಿಂಟು ಚೆನ್ನಾಗಿದೆ ಅಂತ ಪಾಸಾಗೋದು ಹೆಚ್ಚಾಗಿ ಹೀಗೇ.

ಹೊಸಬ_ಲೈಸೆನ್ಸ್
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನ ಗಾಡಿಯಲ್ಲಿ ಚಕ್ರ ಎತ್ತಿ, ಗೇರಿಗೆ ಹಾಕಿ ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿದರೆ ಕಟ್ ಕಟ್ ಅಂತ ಸ್ವಲ್ಪ ತಿರುಗಿ ನಿಲ್ಲುತ್ತೆ. ಸಿ.ವಿ. ಜಾಯಿಂಟ್ (ಡ್ರೈವ್ ಶಾಫ್ಟಿನ ಕೀಲು) ಹೋಗಿದೆಯಾ?

ಕರಿಗ್ರೀಸ್
ಅಷ್ಟಕ್ಕೇ ಹೋಗಿದೆ ಅನ್ನಕ್ಕಾಗಲ್ಲ. ಆ ತಿರುಗಾಟದಲ್ಲಿ ಹೆಚ್ಚಿನ ಪಾಲು ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಹಲ್ಲುಗಳ ನಡುವಿನ ಸಂದಿನದು, ಅದು ಇರಲೇಬೇಕು. ಡ್ರೈವ್ ಶಾಫ್ಟನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು ಚಕ್ರ ತಿರುಗಿಸಿ ನೋಡಿ. ಶಾಫ್ಟ್ ನಿಂತಿದ್ದು ಚಕ್ರ ಮಾತ್ರ ಆಡಿದರೆ ಆಗ ಹೊರಗಿನ ಜಾಯಿಂಟ್ ಅಥವಾ ಸ್ಪ್ಲೈನ್ (ಶಾಫ್ಟ್ ತುದಿಯ ಹಲ್ಲುಗೆರೆ) ಬಗ್ಗೆ ಯೋಚನೆ ಮಾಡಿ. ಒಳಗಿನ ಜಾಯಿಂಟು ಉದ್ದಕ್ಕೆ ಒಳಗೆ ಹೊರಗೆ ಜಾರುವುದು ಅದರ ವಿನ್ಯಾಸವೇ, ಸಸ್ಪೆನ್ಷನ್ ಮೇಲೆ ಕೆಳಗೆ ಹೋದಾಗ ಶಾಫ್ಟಿಗೆ ಆ ಜಾಗ ಬೇಕು. ಹೊರಗಿನದು ಹಾಳಾದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಕಟಕಟಕಟ ಅಂತ ಚಕ್ರದ ವೇಗಕ್ಕೆ ತಕ್ಕ ಹಾಗೆ ಸದ್ದು ಬರುತ್ತೆ. ರಬ್ಬರ್ ಬೂಟ್ ಹರಿದು ಗ್ರೀಸ್ ಚಕ್ರದ ಒಳಮೈಗೆಲ್ಲ ಚಿಮ್ಮಿದೆಯಾ ಅಂತಲೂ ನೋಡಿ.

ಸಂಜೆಸವಾರಿ
ವೀಲ್ ನಟ್ಟು ಸರಿಯಾಗಿವೆ. ಎರಡೂ ಕಡೆ ಸ್ಟ್ಯಾಂಡ್ ಕೊಟ್ಟು ನೋಡಿದೆ. ಲಿಂಕ್ ರಾಡ್ ಎರಡೂ ಗಟ್ಟಿ. 12 ಮತ್ತು 6ರಲ್ಲಿ ಬಲಚಕ್ರ ಅಲುಗಾಡಲ್ಲ, ಎಡಚಕ್ರ ಆಡುತ್ತೆ. ಬ್ರೇಕ್ ಒತ್ತಿಸಿದರೂ ಹೋಗಲಿಲ್ಲ. 3 ಮತ್ತು 9ರಲ್ಲಿ ಹಿಡಿದರೆ ಸ್ಟೇರಿಂಗೇ ತಿರುಗಿಬಿಡುತ್ತೆ, ಪ್ಲೇ ಯಾವುದು, ತಿರುಗೋದು ಯಾವುದು ಅಂತ ಗೊತ್ತಾಗ್ತಿಲ್ಲ.

ಬೆರಳಲ್ಲಿ_ಕಣ್ಣು
ಚಕ್ರ ಅಲ್ಲಾಡಿಸುವವರ ಕೈಗೆ “ಎಲ್ಲೋ ಆಡ್ತಿದೆ” ಅಂತ ಮಾತ್ರ ಗೊತ್ತಾಗೋದು. ಎಲ್ಲಿ ಅನ್ನೋದು ಗೊತ್ತಾಗಬೇಕಾದರೆ ಇನ್ನೊಬ್ಬರು ಬೇಕು. ಒಬ್ಬರು ಚಕ್ರ ಸಣ್ಣಗೆ, ಒಂದೇ ಸಮನೆ ಆಡಿಸಲಿ. ಇನ್ನೊಬ್ಬರು ಒಂದೊಂದು ಜಾಯಿಂಟಿಗೂ ಹೆಬ್ಬೆರಳನ್ನು ಅರ್ಧ ಒಂದು ಭಾಗದ ಮೇಲೆ, ಅರ್ಧ ಪಕ್ಕದ ಭಾಗದ ಮೇಲೆ ಬರುವ ಹಾಗೆ ಇಡಲಿ. ಎರಡೂ ಒಟ್ಟಿಗೆ ಚಲಿಸಿದರೆ ಬೆರಳಿಗೆ ಏನೂ ಅನಿಸಲ್ಲ. ಒಂದು ಮುಂದೆ, ಇನ್ನೊಂದು ಹಿಂದೆ ಬಿದ್ದರೆ ಕಣ್ಣಿಗೆ ಕಾಣದಷ್ಟಿದ್ದರೂ ಬೆರಳಿಗೆ ಟಿಕ್ ಅಂತ ಸಿಗುತ್ತೆ. ಕೆಟ್ಟ ಹಲ್ಲು ಯಾವುದು ಅಂತ ನಾಲಿಗೆ ಹುಡುಕಿಕೊಳ್ಳುವ ಹಾಗೇ ಇದೂ.

ಬಾಲ್ ಜಾಯಿಂಟ್ ಹತ್ತಿರ ಒಂದಲ್ಲ, ಎರಡು ಜಾಗ ಮುಟ್ಟಬೇಕು. ಆರ್ಮಿಗೂ ಸ್ಟಡ್ಡಿಗೂ ನಡುವೆ ಒಂದು, ಅದು ಜಾಯಿಂಟಿನ ಒಳಗಿನ ಪ್ಲೇ. ಸ್ಟಡ್ಡಿಗೂ ನಕಲ್‌ಗೂ ನಡುವೆ ಇನ್ನೊಂದು, ಅದು ಜೋಡಣೆಯ ಪ್ಲೇ. ಪಾರ್ಟು ಹೊಸದಾದರೆ ಅನುಮಾನ ಮೊದಲು ಎರಡನೆಯದರ ಮೇಲೆ ಬರಬೇಕು.

3 ಮತ್ತು 9ರ ವಿಷಯ. ಎರಡೂ ಚಕ್ರ ಗಾಳಿಯಲ್ಲಿದ್ದಾಗ ಇನ್ನೊಬ್ಬರು ಆಚೆ ಕಡೆಯ ಚಕ್ರ ನೋಡುತ್ತಿರಲಿ. ನೀವು ಈ ಕಡೆ ಅಲುಗಿಸಿದ ತಕ್ಷಣ ಆ ಚಕ್ರವೂ ಅಲುಗಿದರೆ ಅದು ರ‍್ಯಾಕ್ (ಎರಡೂ ಟೈ ರಾಡ್ ತಳ್ಳುವ, ಸ್ಟೇರಿಂಗಿನ ಹಲ್ಲಿನ ಸರಳು) ಚಲಿಸಿದ್ದು, ತಪ್ಪಿಲ್ಲ. ಆ ಚಕ್ರ ಸುಮ್ಮನಿದ್ದು ಈ ಚಕ್ರ ಮಾತ್ರ ಸ್ವಲ್ಪ ಆಡಿ, ಆಮೇಲೆ ಅದು ಹೊರಟರೆ, ಆ ‘ಸ್ವಲ್ಪ’ವೇ ಪ್ಲೇ. ಟೈ ರಾಡ್ ಎಂಡ್ ಹೊರಗೇ ಇದೆ, ಬೆರಳಿಡಬಹುದು. ಒಳಗಿನ ರ‍್ಯಾಕ್ ಎಂಡ್ ರಬ್ಬರ್ ಬೆಲ್ಲೋಸ್ ಒಳಗಿರುತ್ತೆ. ಬೆಲ್ಲೋಸನ್ನೇ ಹೊರಗಿನಿಂದ ಹಿಂಡಿ ಹಿಡಿದರೆ ಕೀಲು ಕೈಗೆ ಸಿಗುತ್ತೆ. ಟೈ ರಾಡ್ ಎಂಡ್ ಮಾತ್ರ ಬದಲಾಯಿಸಿ ಒಳಗಿನದನ್ನು ಹಾಗೇ ಬಿಡುವುದು ಸಾಮಾನ್ಯ, ಅದನ್ನು ಬಿಡದೆ ನೋಡಿ.

ಇಳಿಸಿದ ಮೇಲೆ ಮತ್ತೊಂದು ಪರೀಕ್ಷೆ. ಗಾಡಿ ನೆಲದ ಮೇಲೆ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಚಾಲೂ. ಒಳಗೆ ಕೂತವರು ಸ್ಟೇರಿಂಗನ್ನು ಆ ಕಡೆ ಈ ಕಡೆ ಬೇಗ ಬೇಗ ಸಣ್ಣಗೆ ಆಡಿಸಲಿ. ಇಂಜಿನ್ ಯಾಕೆ ಚಾಲೂ ಅಂದರೆ, ಆಫ್ ಇದ್ದಾಗ ಪವರ್ ಸ್ಟೇರಿಂಗಿನ ಟಾರ್ಷನ್ ಬಾರ್ ತಿರುಚಿಕೊಂಡು ಒಂದಿಷ್ಟು ಆಡುತ್ತೆ, ಅದನ್ನೇ ಪ್ಲೇ ಅಂದುಕೊಳ್ಳೋರಿದ್ದಾರೆ. ಭಾರ ಬಿದ್ದಾಗ ಮಾತ್ರ ತೋರಿಸಿಕೊಳ್ಳುವ ಟೈ ರಾಡ್ ದೋಷ ಇಲ್ಲಿ ಸಿಗುತ್ತೆ. ನೆನಪಿರಲಿ, ಇದು ಗಾಡಿ ನೆಲದ ಮೇಲಿದ್ದಾಗ ಮಾತ್ರ. ಸ್ಟ್ಯಾಂಡ್ ಮೇಲಿದ್ದಾಗ ಇಂಜಿನ್ ಚಾಲೂ ಮಾಡಿ ಕೆಳಗೆ ತಲೆ ಹಾಕಬೇಡಿ. ಆರ್ಮಿಗೂ ರಿಮ್ಮಿಗೂ ನಡುವೆ ಬೆರಳು ತೂರಿಸಲೂಬೇಡಿ.

ಪ್ರತಿದಿನ_ಬೈಪಾಸ್
ಉದ್ದನೆ ಸ್ಕ್ರೂ ಡ್ರೈವರ್ರೋ ಸಬ್ಬಲ್ಲೋ ಕೊಟ್ಟು ಮೀಟಿದರೆ ಒಂದೇ ಏಟಿಗೆ ಗೊತ್ತಾಗುತ್ತೆ. ಇಷ್ಟೆಲ್ಲ ಬೇಕಾ?

ಹದಿನಾಲ್ಕರ_ಸ್ಪ್ಯಾನರ್
ಸಬ್ಬಲ್ ಹಾಕಿ ಮೀಟಿದರೆ ಹೊಸ ಬುಶ್ಶೂ ಆಡುತ್ತೆ, ಆಡಬೇಕು ಕೂಡ, ಅದು ರಬ್ಬರ್. ಮೀಟಿದಾಗ ಮೆತ್ತಗೆ ಬಗ್ಗಿ, ಬಿಟ್ಟಾಗ ಸದ್ದಿಲ್ಲದೆ ವಾಪಸ್ ಬಂದರೆ ಬುಶ್ ಚೆನ್ನಾಗಿದೆ. ಒಳಗಿನ ಕೊಳವೆ ರಬ್ಬರಿನಿಂದ ಬಿಟ್ಟುಕೊಂಡು ಠಕ್ ಅಂತ ಬಡಿದರೆ, ರಬ್ಬರ್ ಸೀಳಿದ್ದು ಕಂಡರೆ ಹೋಗಿದೆ ಅಂತ ಲೆಕ್ಕ. ಕೆಲವು ಗಾಡಿಗಳ ಹಿಂದಿನ ಬುಶ್ಶಿನೊಳಗೆ ದ್ರವ ತುಂಬಿರುತ್ತೆ, ಅದು ಸೋರಿ ಆರ್ಮ್ ಮೇಲೆ ಒದ್ದೆ ಕಲೆ ಬಿದ್ದಿರುತ್ತೆ. ಬಾಲ್ ಜಾಯಿಂಟ್ ಹತ್ತಿರ ಮೀಟುವಾಗಂತೂ ಡಸ್ಟ್ ಕವರಿಗೆ ಮೊನೆ ತಗುಲದ ಹಾಗೆ ನೋಡಿಕೊಳ್ಳಿ. ಕವರ್ ತೂತಾದರೆ ನೀರು, ಮಣ್ಣು ಒಳಗೆ ಹೋಗಿ ಹೊಸ ಜಾಯಿಂಟ್ ಬೇಗ ಸಾಯುತ್ತೆ.

ಬುಶ್ ವಿಷಯ ಬಂತು ಅಂತ ಇದನ್ನೂ ಹೇಳಿಬಿಡ್ತೀನಿ. ಆರ್ಮ್ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗಲೇ ಪೂರ್ತಿ ಬಿಗಿಸಿದರೆ ಬುಶ್ ಆ ಕೋನದಲ್ಲೇ ಕಚ್ಚಿಕೊಳ್ಳುತ್ತೆ. ಗಾಡಿ ಇಳಿಸಿದ ತಕ್ಷಣ ರಬ್ಬರ್ ತಿರುಚಿಕೊಂಡು, ನಿಂತಲ್ಲೂ ಓಡುವಾಗಲೂ ಹಾಗೇ ಇರುತ್ತೆ, ಬೇಗ ಸೀಳುತ್ತೆ. ಮೊದಲು ಕೈಬಿಗಿ, ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಟಾರ್ಕ್. ಲಿಫ್ಟಿನಲ್ಲಿ ಕೆಲಸ ಮಾಡುವವರು ಬೇಗ ಮುಗಿಸುವ ಭರದಲ್ಲಿ ಇದನ್ನು ಬಿಡ್ತಾರೆ. ಆರ್ಮ್ ಹಾಕಿಸಿದವರು ಇದೊಂದು ಪ್ರಶ್ನೆ ಕೇಳಲೇಬೇಕು.

ಹೊಸಬ_ಲೈಸೆನ್ಸ್
ಎಷ್ಟು ಮಿಲಿಮೀಟರ್ ಪ್ಲೇ ಇದ್ದರೆ ಪರವಾಗಿಲ್ಲ ಅಂತ ಒಂದು ಅಂಕಿ ಇಲ್ವಾ?

ಬೆರಳಲ್ಲಿ_ಕಣ್ಣು
ಎಲ್ಲಾ ಗಾಡಿಗೂ ಒಂದೇ ಅಂಕಿ ಇಲ್ಲ, ಆ ಗಾಡಿಯ ಸರ್ವಿಸ್ ಕೈಪಿಡಿಯೇ ಪ್ರಮಾಣ. ಅಂದಾಜು ಬೇಕಾದರೆ, ಹಬ್ ಬೇರಿಂಗಿಗೆ ಕೆಲವು ತಯಾರಕರು ಡಯಲ್ ಗೇಜಿನಲ್ಲಿ 0.05 ಮಿ.ಮೀ. ಮಿತಿ ಕೊಡ್ತಾರೆ. ಅಂದರೆ ಕೈಗೆ ಸಿಕ್ಕಿತು ಅಂದರೆ ಸಾಮಾನ್ಯವಾಗಿ ಮಿತಿ ದಾಟಿದೆ ಅಂತಲೇ. ಹಳೆಯ ಟೇಪರ್ ರೋಲರ್ ಬೇರಿಂಗ್ ಗಾಡಿಗಳು ಬೇರೆ, ಅವಕ್ಕೆ ಒಂಚೂರು ಸಡಿಲ ಬಿಟ್ಟೇ ಹೊಂದಿಸಬೇಕು. ಸ್ಟೇರಿಂಗ್ ಚಕ್ರದ ಅಂಚಿನಲ್ಲಿ 30 ಮಿ.ಮೀ. ಒಳಗೆ ಅಂತ ಕೆಲವು ಕೈಪಿಡಿಗಳಲ್ಲಿದೆ, ಆದರೆ ಒಳ್ಳೆ ಸ್ಥಿತಿಯ ರ‍್ಯಾಕ್ ಅದರ ಹತ್ತಿರಕ್ಕೂ ಬರಲ್ಲ. ಬಾಲ್ ಜಾಯಿಂಟಿಗೆ ನನ್ನ ಲೆಕ್ಕ ಇಷ್ಟೇ: ಹೊಸದು ಹಾಕಿದ ಮೇಲೆ ಕೈಗೆ ಸಿಗುವ ಪ್ಲೇ ಇರಬಾರದು.

ಸಂಜೆಸವಾರಿ
ಸಿಕ್ಕಿತು ಅನಿಸುತ್ತೆ. ತಮ್ಮ ಚಕ್ರ ಆಡಿಸಿದ, ನಾನು ಬೆರಳಿಟ್ಟೆ. ಟೈ ರಾಡ್ ಎಂಡ್ ಗಟ್ಟಿ. ಬೆಲ್ಲೋಸ್ ಹಿಂಡಿ ನೋಡಿದೆ, ಅಲ್ಲೂ ಏನಿಲ್ಲ. ಆರ್ಮಿಗೂ ಸ್ಟಡ್ಡಿಗೂ ನಡುವೆ ಏನೂ ಇಲ್ಲ. ಆದರೆ ಸ್ಟಡ್ಡು ನಕಲ್ ಒಳಗೆ ಹೋಗುವ ಜಾಗದಲ್ಲಿ ಪ್ರತಿ ಸಲ ಟಿಕ್! ಟಾರ್ಚ್ ಬಿಟ್ಟು ನೋಡಿದರೆ ಸ್ಟಡ್ ಸುತ್ತ ಕಂದುಗೆಂಪು ಬಣ್ಣದ ನುಣುಪಾದ ಪುಡಿ, ಅದರ ಕೆಳಗೆ ಬಳೆಯಷ್ಟು ದುಂಡಗೆ ಹೊಳೆಯುವ ಗೆರೆ. ನನ್ನ ಗಾಡಿಯಲ್ಲಿ ಟೇಪರ್ (ತುದಿಗೆ ಸಣ್ಣಗಾಗುವ ಸ್ಟಡ್) ಮತ್ತು ನಟ್ಟು ಅಲ್ಲ. ನಕಲ್‌ನಲ್ಲಿ ಸೀಳಿರುವ ಕಣ್ಣು ಇದೆ, ಅಡ್ಡ ಬೋಲ್ಟ್ ಹಾಕಿ ಹಿಂಡುವ ಥರ. ಬೋಲ್ಟಿಗೆ ಟಾರ್ಕ್ ರೆಂಚ್ ಇಟ್ಟೆ, ತಕ್ಷಣ ಕ್ಲಿಕ್ ಅಂತು. ಅಂದರೆ ಬಿಗಿಯಾಗೇ ಇದೆ. ಮತ್ತೆ ಹೇಗೆ ಆಡ್ತಿದೆ?

ಕರಿಗ್ರೀಸ್
ಆ ಪುಡಿಯೇ ಸಾಕ್ಷಿ. ಎರಡು ಲೋಹ ಸಣ್ಣಗೆ ಉಜ್ಜುತ್ತಿದ್ದರೆ ಮಾತ್ರ ಹಾಗೆ ತುಕ್ಕಿನ ಹಿಟ್ಟು ಉದುರೋದು. ದಯವಿಟ್ಟು ಅದನ್ನು ಸರಿಪಡಿಸುವ ತನಕ ಗಾಡಿ ಓಡಿಸಬೇಡಿ.

ಟಾರ್ಕ್ ಬಂತು ಅಂದರೆ ಹಿಡಿತ ಬಂತು ಅಂತ ಅರ್ಥ ಅಲ್ಲ. ಕ್ಲಿಕ್ ಅನ್ನೋದು ನಟ್ಟು ತಿರುಗೋಕೆ ಎಷ್ಟು ಅಡ್ಡಿ ಇದೆ ಅಂತ ಮಾತ್ರ ಹೇಳುತ್ತೆ. ಬೋಲ್ಟ್ ತೆಗೆದು ನೋಡಿ. ಮರೆ (ಥ್ರೆಡ್) ಇಲ್ಲದ ನಯ ಭಾಗ ಬೇಕಾದ್ದಕ್ಕಿಂತ ಉದ್ದ ಇದ್ದರೆ ನಟ್ಟು ಮರೆ ಮುಗಿದ ಕಡೆ ಬಂದು ಗಟ್ಟಿಯಾಗಿ ನಿಂತುಬಿಡುತ್ತೆ, ಸೀಳು ಮುಚ್ಚಿಕೊಂಡಿರಲ್ಲ. ಇಲ್ಲವೇ ಹಳೇ ಜಾಯಿಂಟ್ ತೆಗೆಯುವಾಗ ಸೀಳಿಗೆ ಉಳಿ ಹೊಡೆದು ಕಿವಿ (ಸೀಳಿನ ಎರಡು ಬದಿ) ಅಗಲ ಮಾಡಿರ್ತಾರೆ, ಆಗ ಬೋಲ್ಟಿನ ಬಲವೆಲ್ಲ ಕಿವಿ ಬಗ್ಗಿಸೋಕೇ ಖರ್ಚಾಗುತ್ತೆ. ಬಲಗಡೆಯ ಬೋಲ್ಟಿಗೂ ಎಡಗಡೆಯದಕ್ಕೂ ಹೋಲಿಸಿ ನೋಡಿ.

ಹದಿನಾಲ್ಕರ_ಸ್ಪ್ಯಾನರ್
ಬೋಲ್ಟ್ ಬದಲಾಯಿಸಿದರೆ ಮುಗಿಯಲ್ಲ, ನಕಲ್‌ನ ಕಣ್ಣೂ ನೋಡಬೇಕು. ಸ್ಟಡ್ ಈಚೆ ತೆಗೆದು ತೂತನ್ನು ಒರೆಸಿ, ಅಂಡಾಕಾರ ಆಗಿದೆಯಾ, ಒಳಗೆ ಮೆಟ್ಟಿಲು ಬಿದ್ದಿದೆಯಾ ಅಂತ ಬೆರಳಾಡಿಸಿ. ಆಗಿದ್ದರೆ ನಕಲ್ಲೇ ಬದಲಾಗಬೇಕು. ತಗಡು ಸುತ್ತಿ ಕೂರಿಸೋಣ ಅನ್ನೋರ ಮಾತು ಕೇಳಬೇಡಿ. ಆ ಸ್ಟಡ್ ಈಚೆ ಬಂದರೆ ಚಕ್ರ ಹೊರಕ್ಕೆ ಮಗುಚಿಕೊಳ್ಳುತ್ತೆ, ಅದರ ಜೊತೆ ಸ್ಟೇರಿಂಗೂ ಹೋಯಿತು. ಸ್ಟಡ್ಡಿನ ಮೇಲಿರುವ ಅಡ್ಡ ಕಚ್ಚು ಬೋಲ್ಟಿನ ದಾರಿಗೆ ಸರಿಯಾಗಿ ಬಂದಿತ್ತಾ ಅಂತಲೂ ನೋಡಿ. ಬೋಲ್ಟ್ ಆ ಕಚ್ಚಿನಲ್ಲಿ ಕೂತಿದ್ದರೆ ಹಿಡಿತ ಸಡಿಲವಾದರೂ ಸ್ಟಡ್ ಪೂರ್ತಿ ಕಳಚಿಕೊಳ್ಳದ ಹಾಗೆ ತಡೆಯುತ್ತೆ.

ಟೇಪರ್ ಇರುವ ಗಾಡಿಯವರಿಗೂ ಒಂದು ಮಾತು. ಟೇಪರ್ ಮತ್ತು ಅದರ ತೂತು ಒಣಗಿ, ಚೊಕ್ಕವಾಗಿರಬೇಕು. ಗ್ರೀಸ್ ಸವರಬಾರದು. ನಟ್ಟು ಬಿಗಿಸುವಾಗ ಸ್ಟಡ್ಡೂ ಸುತ್ತಿದರೆ ಕೆಳಗಿನಿಂದ ಜಾಕ್ ಮೆಲ್ಲಗೆ ಒತ್ತಿ ಟೇಪರನ್ನು ಕೂರಿಸಿ. ಸ್ಪ್ಲಿಟ್ ಪಿನ್ನಿನ ತೂತು ಹೊಂದದಿದ್ದರೆ ನಟ್ಟನ್ನು ಮುಂದಕ್ಕೆ ಬಿಗಿಸಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ನೈಲಾನ್ ಉಂಗುರದ ನಟ್ಟಾದರೆ ಬಿಚ್ಚಿದ ಮೇಲೆ ಹೊಸದೇ ಹಾಕಿ.

ಸಂಜೆಸವಾರಿ
ಕರಿಗ್ರೀಸ್ ಹೇಳಿದ್ದೇ ಆಗಿತ್ತು. ಎಡಗಡೆಯದು ಬೇರೆ ಬೋಲ್ಟು. ದಪ್ಪ ಒಂದೇ, ಆದರೆ ನಯ ಭಾಗ ಬಲಗಡೆಯದಕ್ಕಿಂತ ಉದ್ದ. ನಟ್ಟು ಕಿವಿಯನ್ನು ಸರಿಯಾಗಿ ಮುಟ್ಟುವ ಮೊದಲೇ ಮರೆಯ ಕೊನೆಯಲ್ಲಿ ಸಿಕ್ಕಿಕೊಂಡಿತ್ತು. ಮೂಲ ಬೋಲ್ಟ್ ಬಿಚ್ಚುವಾಗ ತುಂಡಾಗಿತ್ತಂತೆ, ಕೈಗೆ ಸಿಕ್ಕಿದ್ದು ಹಾಕಿದ್ದಾರೆ. ಸರಿಯಾದ ಬೋಲ್ಟು, ಹೊಸ ನಟ್ಟು ತರಿಸಿದೆ. ತೂತು ದುಂಡಗೇ ಇದೆ, ಒಳಗೆ ಮೆಟ್ಟಿಲಿಲ್ಲ. ಸ್ಟಡ್ಡಿನ ಹೊಳಪು ಮೇಲ್ಮೈಯಷ್ಟೇ, ಉಗುರು ಎಳೆದರೆ ಎಲ್ಲೂ ತಡೆಯಲ್ಲ. ಹಾಕಿ ಟಾರ್ಕ್ ಕೊಟ್ಟಾಗ ಸೀಳು ಮುಚ್ಚಿಕೊಳ್ಳೋದು ಕಣ್ಣಿಗೇ ಕಂಡಿತು. ಈಗ 12 ಮತ್ತು 6ರಲ್ಲಿ ಏನೂ ಇಲ್ಲ. ಉಬ್ಬಿನ ಮೇಲಿನ ಟಕ್ ಹೋಯಿತು.

ಪಾರ್ಕಿಂಗ್‌ನಲ್ಲಿ ಸ್ಟೇರಿಂಗ್ ತಿರುಗಿಸುವಾಗಿನ ಟಕ್ ಮಾತ್ರ ಹಾಗೇ ಇದೆ.

ಬೆರಳಲ್ಲಿ_ಕಣ್ಣು
ಅದು ಬೇರೆ ಜಾಗದ್ದು. ಬಾನೆಟ್ ತೆಗೆದು, ಸ್ಟ್ರಟ್ ಟಾಪ್ ಮೌಂಟ್ (ಸ್ಟ್ರಟ್ಟಿನ ಮೇಲ್ತುದಿಯನ್ನು ಬಾಡಿಗೆ ಹಿಡಿಯುವ ಭಾಗ) ಮೇಲೆ ಅಂಗೈ ಇಟ್ಟು ಯಾರಿಂದಲಾದರೂ ಸ್ಟೇರಿಂಗ್ ತಿರುಗಿಸಿ. ಅಲ್ಲಿನ ಬೇರಿಂಗ್ ಕಚ್ಚಿಕೊಂಡಿದ್ದರೆ ಸ್ಪ್ರಿಂಗ್ ತಿರುಚಿ ತಿರುಚಿ ಒಮ್ಮೆಗೇ ಬಿಡುತ್ತೆ, ಅಂಗೈಗೆ ಎಗರಿದ ಹಾಗಾಗುತ್ತೆ. ಸ್ಪ್ರಿಂಗಿನ ಸುರುಳಿಯ ಮೇಲೆ ಬೆರಳಿಟ್ಟರೂ ಗೊತ್ತಾಗುತ್ತೆ, ಆದರೆ ಸುರುಳಿಗಳ ನಡುವೆ ಬೆರಳು ಬೇಡ. ಅಲ್ಲಿ ಏನೂ ಇಲ್ಲದಿದ್ದರೆ ಸಬ್‌ಫ್ರೇಮ್ ಬೋಲ್ಟು, ಸ್ಟ್ರಟ್ಟನ್ನು ನಕಲ್‌ಗೆ ಹಿಡಿಯುವ ಎರಡು ಬೋಲ್ಟು ನೋಡಿ. ಡ್ರೈವರ್ ಕಾಲ ಹತ್ತಿರದ ಸ್ಟೇರಿಂಗ್ ಕಾಲಮ್ ಜಾಯಿಂಟನ್ನೂ ಮರೆಯಬೇಡಿ, ಅದರ ಸದ್ದು ಕೆಳಗಿನಿಂದ ಬಂದ ಹಾಗೇ ಕೇಳುತ್ತೆ.

ಪ್ರತಿದಿನ_ಬೈಪಾಸ್
ಉಬ್ಬಿನ ಮೇಲಿನ ಕಟಕಟಕ್ಕೆ ನನ್ನದೊಂದು ಸೇರಿಸ್ತೀನಿ. ಸದ್ದು ಬರ್ತಿರುವಾಗಲೇ ಬ್ರೇಕ್ ಪೆಡಲನ್ನು ಹಗುರವಾಗಿ ಮುಟ್ಟಿ. ಸದ್ದು ನಿಂತರೆ ಜಾಯಿಂಟೆಲ್ಲ ಬಿಚ್ಚುವ ಮೊದಲು ಬ್ರೇಕ್ ಪ್ಯಾಡಿನ ಕ್ಲಿಪ್ ಮತ್ತು ಕ್ಯಾಲಿಪರ್ ಪಿನ್ ನೋಡಿ. ಪ್ಯಾಡ್ ಹಾಕುವಾಗ ಕ್ಲಿಪ್ ಬಿಟ್ಟಿದ್ದರೆ ಇದೇ ಥರ ಸದ್ದು.

ಸಂಜೆಸವಾರಿ
ಟಾಪ್ ಮೌಂಟೇ. ಎಡಗಡೆ ಅಂಗೈಗೆ ಚೆನ್ನಾಗಿ ಎಗರುತ್ತೆ, ಬಲಗಡೆ ನಯವಾಗಿ ತಿರುಗುತ್ತೆ. ಮೌಂಟ್ ತರಿಸ್ತಿದ್ದೀನಿ. ಟೈ ರಾಡ್ ಎಂಡ್ ಹಾಕಿದಾಗ ಅಲೈನ್‌ಮೆಂಟ್ ಮಾಡಿಸಿದ್ದೆ. ಈಗ ಮತ್ತೆ ಬೇಕಾ?

ಹದಿನಾಲ್ಕರ_ಸ್ಪ್ಯಾನರ್
ಬೇಕು. ಸ್ಟಡ್ ಆಡುತ್ತಿದ್ದಾಗ ಅಳೆದ ಅಲೈನ್‌ಮೆಂಟ್ ಅದು, ನಂಬೋಕಾಗಲ್ಲ. ಮೌಂಟ್ ಹಾಕೋಕೆ ಸ್ಟ್ರಟ್ ಬಿಚ್ಚಿದಾಗ ಕ್ಯಾಂಬರ್ (ಚಕ್ರದ ಓರೆ) ಕೂಡ ಸ್ವಲ್ಪ ಸರಿಯಬಹುದು. ಮೌಂಟ್ ಕೆಲಸ ಮುಗಿಸಿಕೊಂಡೇ ಒಂದೇ ಸಲ ಮಾಡಿಸಿ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮಾತ್ರ ಮೌಂಟಿನ ನಟ್ಟಿಗೆ ಕೈ ಹಾಕಬೇಡಿ. ಆ ಕೆಲಸ ಹೊರಗೆ ಕೊಡೋದೇ ವಾಸಿ. ವೀಲ್ ನಟ್ಟನ್ನು 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಿ, ಅದೇ ಹೊತ್ತಿಗೆ ಆ ಅಡ್ಡ ಬೋಲ್ಟಿನ ಹತ್ತಿರ ಟಾರ್ಚ್ ಬಿಡಿ. ಪುಡಿ ಮತ್ತೆ ಕಂಡರೆ ಫೋಟೋ ಹಾಕಿ.

ಸಂಜೆಸವಾರಿ
ಹಾಕ್ತೀನಿ. ಹಳೇ ಪುಡಿ ಒರೆಸಿ, ಸ್ಟಡ್ಡಿಗೂ ನಕಲ್‌ಗೂ ಸೇರಿಸಿ ಬಿಳಿ ಬಣ್ಣದ ಗೆರೆ ಎಳೆದಿದ್ದೀನಿ.

ಕರಿಗ್ರೀಸ್
ಒಳ್ಳೇದು. ಬೋಲ್ಟ್ ತಲೆಗೂ ನಟ್ಟಿಗೂ ಅದೇ ಥರ ಗೆರೆ ಎಳೆಯಿರಿ.